ಫರಸಿಯ ಮೇಲಿನ ಮುಖ

ತಾಂಡೂರಿನಲ್ಲಿ ಮನ್ಮಥಪ್ಪ ಎಂದರೆ ಯಾವ ಮನ್ಮಥಪ್ಪ ಎಂದು ಕೇಳುತ್ತಾರೆ. ಅರಮನೆ ಮನ್ಮಥಪ್ಪ ಎಂದರೆ ಸೀದಾ ಮನೆಗೇ ತಂದು ಬಿಡುತ್ತಾರೆ. ಅವನೇನು ಅರಮನೆಯಲ್ಲಿ ಹುಟ್ಟಿದವನಲ್ಲ. ಯಾಲಾಲ್ ರಸ್ತೆಯ ಎರಡು ಕೋಣೆಯ ಮನೆಯಲ್ಲಿ ಹುಟ್ಟಿ, ಹದಿನಾರನೆಯ ವರ್ಷಕ್ಕೇ ತಂದೆಯ ಹಿಂದೆ ನೆಲಕ್ಕೆ ಫರಸಿ ಕಲ್ಲು ಹಾಸುವ ಕೆಲಸಕ್ಕೆ ಇಳಿದವನು. ಮೂವತ್ತು ವರ್ಷದ ಹಿಂದೆ ತಾಂಡೂರಿನ ನೀಲಿಗಲ್ಲು ಹಡಗು ಹತ್ತಿ ಒಂದು ಮರಳುಗಾಡಿನ ದೇಶಕ್ಕೆ ಹೋಯಿತು. ಕಲ್ಲಿನ ಬೆನ್ನಿಗೇ ಅದನ್ನು ಹಾಸುವ ಹದಿನೆಂಟು ಜನರೂ ಹೋದರು. ಅವರ ಮೇಸ್ತ್ರಿ ಮನ್ಮಥಪ್ಪ. ಆ ದೇಶವನ್ನು ಒಬ್ಬನೇ ಒಬ್ಬ ಮನುಷ್ಯ ಆಳುತ್ತಿದ್ದ. ಅವನ ಅರಮನೆಯ ಅತಿಥಿಗೃಹದ ನೆಲಕ್ಕೆ ಕಲ್ಲು ಕೂಡಿಸಿದ್ದು ಇವರೇ. ಆ ದೊರೆಯ ಹೆಸರು ಇಲ್ಲಿ ಬೇಡ. ಅದು ಕಿವಿಗೆ ಬಿದ್ದರೆ ಮನ್ಮಥಪ್ಪ ಇವತ್ತಿಗೂ ಒಮ್ಮೆ ಬೆನ್ನ ಹಿಂದೆ ತಿರುಗಿ ನೋಡುತ್ತಾನೆ.

ಆದರೆ ಊರಿನಲ್ಲಿ ಅವನು ಹೇಳುತ್ತಿದ್ದ ಕಥೆಗಳಲ್ಲಿ ಈ ಅಂಜಿಕೆ ಇರಲಿಲ್ಲ. ಮದುವೆ ಮನೆ, ಮಠದ ದಾಸೋಹ, ರೈಲ್ವೆ ಗೇಟಿನ ಚಹಾ ಹೋಟೆಲು, ಎಲ್ಲಿ ಕುಳಿತರೂ ಆ ದೇಶದ ಮಾತು ತೆಗೆಯುತ್ತಿದ್ದ. ಅಲ್ಲಿ ಕಳ್ಳತನವಿಲ್ಲ, ಅಂಗಡಿಗೆ ಬೀಗವಿಲ್ಲ, ರಸ್ತೆಯಲ್ಲಿ ಒಬ್ಬನೂ ಉಗುಳುವುದಿಲ್ಲ, ಎಲ್ಲ ಗಪ್‌ಚಿಪ್. ಕೇಳುವವರಿಗೆ ಖುಷಿ, ಹೇಳುವವನಿಗೆ ಇನ್ನೂ ಖುಷಿ. ಗಪ್‌ಚಿಪ್ ಯಾಕೆ ಎಂದು ಯಾರೂ ಕೇಳಲಿಲ್ಲ, ಇವನೂ ಹೇಳಲಿಲ್ಲ.

ಹೋದ ಚಳಿಗಾಲದ ಒಂದು ಬೆಳಿಗ್ಗೆ ಆ ದೊರೆ ಸತ್ತ ಸುದ್ದಿ ಬಂತು. ಕೊನೆಯವರೆಗೂ ಕುರ್ಚಿ ಬಿಡದೆ, ಎಂಬತ್ತು ದಾಟಿದ ಮೇಲೆ ಮೆತ್ತಗಿನ ಹಾಸಿಗೆಯ ಮೇಲೆಯೇ ಹೋಗಿದ್ದ. ಅಲ್ಲಿಯ ಜನ ಮೊದಲ ದಿನ ನಂಬಲಿಲ್ಲ. ಎರಡನೆಯ ದಿನ ಬೀದಿಗಿಳಿದರು. ಕೆಲವರು ಎದೆ ಬಡಿದುಕೊಂಡು ಅತ್ತರು, ಹೆಚ್ಚಿನವರು ಕುಣಿದರು, ಮಿಠಾಯಿ ಹಂಚಿದರು. ಮೂರನೆಯ ದಿನ ಜೈಲುಗಳ ಬಾಗಿಲು ಮುರಿದರು. ಒಳಗಿನಿಂದ ಬಂದವರು ಬಿಸಿಲಿಗೆ ಕಣ್ಣು ಮುಚ್ಚಿಕೊಂಡು ನಿಂತಿದ್ದನ್ನು ಟಿ.ವಿ.ಯಲ್ಲಿ ಮತ್ತೆ ಮತ್ತೆ ತೋರಿಸುತ್ತಿದ್ದರು.

ತಾಂಡೂರಿನಲ್ಲಿ ಮಾತ್ರ ಈ ಸಾವಿಗೆ ಬೇರೆಯೇ ರುಚಿ. ಚಹಾ ಹೋಟೆಲಿನಲ್ಲಿ ಒಬ್ಬ, ಅಂಥ ಗಂಡಸು ನಮ್ಮಲ್ಲಿ ಒಂದೇ ವರ್ಷ ಇದ್ದಿದ್ದರೆ ಸಾಕಿತ್ತು, ಎಲ್ಲರೂ ನೆಟ್ಟಗಾಗುತ್ತಿದ್ದರು ಎಂದ. ಎಲ್ಲರೂ ಎಂದರೆ ತನ್ನನ್ನು ಬಿಟ್ಟು ಉಳಿದವರು ಎಂದು ಬೇರೆ ಹೇಳಬೇಕಾಗಿಲ್ಲ. ಇನ್ನೊಬ್ಬನಿಗೆ ಇನ್ನು ಪೆಟ್ರೋಲು ತುಟ್ಟಿಯಾದೀತೆಂಬ ಚಿಂತೆ. ಹುಡುಗರು ದೊರೆಯ ಮೀಸೆಯ ಫೋಟೋ ಹಾಕಿ ಸ್ಟೇಟಸ್ ಇಟ್ಟುಕೊಂಡರು. ಅವನ ಮೇಲೆ ಇಷ್ಟು ಪ್ರೀತಿ ಎಲ್ಲಿಂದ ಬಂತು ಎಂದರೆ, ಎಲ್ಲರೂ ಹೇಳುವುದು ಒಂದೇ: ನಮ್ಮ ಅರಮನೆ ಮನ್ಮಥಪ್ಪನೇ ಕಣ್ಣಾರೆ ಕಂಡು ಹೇಳಿದ್ದಲ್ಲವೇ.

ಆ ಮನ್ಮಥಪ್ಪ ಮೂರು ದಿನದಿಂದ ಟಿ.ವಿ. ಮುಂದಿನಿಂದ ಎದ್ದಿರಲಿಲ್ಲ. ಬೆಳಗಿನ ಪೂಜೆಗೆ ಲಿಂಗವನ್ನು ಅಂಗೈಯ ಮೇಲೆ ಇಟ್ಟುಕೊಂಡರೂ ಕಣ್ಣು ಪರದೆಯ ಕಡೆಗೇ ಹೊರಳುತ್ತಿತ್ತು. ಜೈಲಿನಿಂದ ಹೊರಬಂದ ಒಬ್ಬೊಬ್ಬ ಮುದುಕನ ಮುಖವನ್ನೂ ಹತ್ತಿರ ಹೋಗಿ ನೋಡುತ್ತಿದ್ದ. ಹೆಂಡತಿ ಶಕುಂತಲಾಬಾಯಿ ಎರಡು ಸಲ ಊಟಕ್ಕೆ ಕರೆದು, ಮೂರನೆಯ ಸಲ ತಟ್ಟೆಯನ್ನು ಅಲ್ಲಿಗೇ ತಂದಿಟ್ಟಳು. ಯಾರನ್ನು ಹುಡುಕುತ್ತೀರಿ ಎಂದು ಕೇಳಿದಳು. ಯಾರನ್ನೂ ಇಲ್ಲ ಎಂದ. ಹುಡುಕುತ್ತಿದ್ದುದು ಸಾಯಪ್ಪನನ್ನು.

ಸಾಯಪ್ಪ ಯಾಲಾಲಿನವನು, ಆ ಹದಿನೆಂಟು ಜನರಲ್ಲಿ ಎಲ್ಲರಿಗಿಂತ ಚಿಕ್ಕವನು. ಮದುವೆಯಾಗಿ ಎರಡು ವರ್ಷ, ಆರು ತಿಂಗಳ ಕೂಸು. ಹೆಂಡತಿ ಮಾಣಿಕಮ್ಮ ನಾರಾಯಣಖೇಡದ ಆಚೆ, ರಾಜ್ಯದ ಗಡಿಯ ಮಗ್ಗುಲಿನ ನಾಗಲಗಿದ್ದದವಳು. ಮೇಸ್ತ್ರಿಯ ಮೇಲಿನ ಭರವಸೆಯಿಂದಲೇ ಅವಳು ಗಂಡನನ್ನು ಕಳಿಸಿಕೊಟ್ಟಿದ್ದಳು. ವಿಮಾನಕ್ಕೆ ಹೊರಟ ದಿನ ಮನ್ಮಥಪ್ಪನ ಕಾಲು ಮುಟ್ಟಿ, ಇವನನ್ನು ನಿಮ್ಮ ಉಡಿಯಲ್ಲಿ ಹಾಕಿದ್ದೇನೆ ಎಂದಿದ್ದಳು.

ತಾಂಡೂರಿನವರು ಕಲ್ಲು ಹಾಸಿ, ಸಂದುಗಳಿಗೆ ಸಿಮೆಂಟು ತುಂಬಿದ ಮೇಲೆ ನೆಲದ ಮೇಲೆಲ್ಲ ಹಳೆಯ ಪೇಪರು ಹಾಸಿ ನೀರು ಚಿಮುಕಿಸುತ್ತಾರೆ. ಕಲೆ ಬೀಳಬಾರದು, ಹೆಜ್ಜೆ ಮೂಡಬಾರದು, ತೇವ ಆರಬಾರದು ಎಂದು. ಅಪ್ಪ ಮಾಡಿದ್ದನ್ನು ಮಗ ಮಾಡುತ್ತ ಬಂದ ಪದ್ಧತಿ. ಪೇಪರಿನಲ್ಲಿ ಯಾರ ಚಿತ್ರವಿದೆ ಎಂದು ಇಲ್ಲಿ ಯಾರೂ ನೋಡುವುದಿಲ್ಲ. ಆ ದೇಶದ ಪೇಪರಿನಲ್ಲಾದರೋ ದಿನವೂ ಮೊದಲ ಪುಟದ ತುಂಬ ದೊರೆಯ ಮುಖ. ಸಾಯಪ್ಪ ಮೊದಲೇ ಹಿಂಜರಿದಿದ್ದ. ಈ ಫೋಟೋದವು ಬೇಡ ಅಣ್ಣಾ ಎಂದಿದ್ದ. ಮನ್ಮಥಪ್ಪ ನಕ್ಕು, ಮುಖ ಕೆಳಗೆ ಮಾಡಿ ಹಾಸಿದರೆ ಯಾರು ನೋಡುತ್ತಾರೆ ಎಂದು ತಾನೇ ಹಾಸಿಬಿಟ್ಟ.

ಮರುದಿನ ಪೇಪರು ಎತ್ತಿದರು. ಒದ್ದೆ ಪೇಪರಿನ ಶಾಯಿ ಕಲ್ಲಿಗೆ ಇಳಿದಿತ್ತು. ಮೊಗಸಾಲೆಯ ಉದ್ದಕ್ಕೂ, ನಡೆಯುವವರ ಕಾಲ ಕೆಳಗೆ, ದೊರೆಯ ಮುಖ ಹತ್ತು ಹನ್ನೆರಡು ಕಡೆ ಮೂಡಿತ್ತು. ಮನ್ಮಥಪ್ಪ ಸಾಯಪ್ಪನ ಕೈಗೆ ಬ್ರಷ್ಷು, ಆಸಿಡ್ ಕೊಟ್ಟು ತಿಕ್ಕು ಎಂದು ಹೇಳಿ, ತಾನು ನೀರು ತರಲು ಹೋದ. ಕೊಡ ತುಂಬಿ ಬರುವಷ್ಟರಲ್ಲಿ ಅಧಿಕಾರಿಗಳು ತಪಾಸಣೆಗೆ ಬಂದು ನಿಂತಿದ್ದರು. ಸಾಯಪ್ಪ ಮೊಣಕಾಲೂರಿ ದೊರೆಯ ಕಣ್ಣನ್ನು ಆಸಿಡ್ಡಿನಿಂದ ತಿಕ್ಕುತ್ತಿದ್ದ.

ಹೈದರಾಬಾದಿನ ದುಭಾಷಿ ಒಬ್ಬನಿದ್ದ. ಈ ಕಾಗದ ಹಾಸಿದ್ದು ಯಾರು ಎಂದು ಉರ್ದುವಿನಲ್ಲಿ ಕೇಳಿದ. ಮನ್ಮಥಪ್ಪನ ಬಾಯಿಂದ ಒಂದೇ ಮಾತು ಬಂತು, ‘ಇಸೀನೇ’. ಇವನೇ. ಆ ಮಾತು ಆಡಬೇಕೆಂದು ಆಡಿದ್ದಲ್ಲ, ಬಂದುಬಿಟ್ಟಿತು ಎಂದು ಆಮೇಲೆ ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡ. ಬಂದದ್ದು ನಿಜ, ಆದರೆ ತಿರುಗಿ ನುಂಗಲು ಆಗ ಹೊತ್ತೂ ಇತ್ತು. ಸಾಯಪ್ಪನನ್ನು ಎಬ್ಬಿಸಿ, ಕೈ ಕಟ್ಟಿ, ಜೀಪಿನವರೆಗೆ ನಡೆಸುವಷ್ಟು ಹೊತ್ತು. ಮನ್ಮಥಪ್ಪ ಕೊಡ ಹಿಡಿದುಕೊಂಡು ನಿಂತೇ ಇದ್ದ.

ಸಾಯಪ್ಪ ಮತ್ತೆ ಬರಲಿಲ್ಲ. ಕೇಳಲು ಹೋದರೆ ಎಲ್ಲರೂ ಒಳಗೆ ಹೋಗುತ್ತೀರಿ ಎಂದು ಕಂಪನಿಯವರು ಹೆದರಿಸಿದರು. ತಮ್ಮ ಕಾಗದದಲ್ಲಿ ‘ಕೆಲಸ ಬಿಟ್ಟು ಪರಾರಿ’ ಎಂದು ಬರೆದುಕೊಂಡರು. ಆ ಅಂಜಿಕೆಗೆ ಉಳಿದವರೂ ಊರಿನಲ್ಲಿ ಬಾಯಿ ಬಿಡಲಿಲ್ಲ. ಎರಡು ವರ್ಷದ ಮೇಲೆ ಊರಿಗೆ ಬಂದ ಮನ್ಮಥಪ್ಪ ಮಾಣಿಕಮ್ಮನಿಗೆ ಅದನ್ನೇ ಹೇಳಿದ, ಕಂಪನಿ ಬಿಟ್ಟು ಎಲ್ಲೋ ಓಡಿ ಹೋಗ್ಯಾನ ಎಂದು. ಅಲ್ಲೊಬ್ಬಳನ್ನು ಕಟ್ಟಿಕೊಂಡಿದ್ದಾನೆ ಎಂಬುದನ್ನು ಇವನು ಸೇರಿಸಲಿಲ್ಲ, ಊರವರು ಸೇರಿಸಿದರು. ಇವನು ಇಲ್ಲವೆನ್ನಲೂ ಇಲ್ಲ. ಮಾಣಿಕಮ್ಮ ಕೂಸನ್ನು ಎತ್ತಿಕೊಂಡು ತವರಿಗೆ ಹೋದಳು. ಕೂಲಿ ಮಾಡಿ ಮಗಳು ಮಾಧುರಿಯನ್ನು ಓದಿಸಿದಳು. ಮಾಧುರಿಗೆ ಬಂದ ಎರಡು ಸಂಬಂಧ ಓಡಿಹೋದವನ ಮಗಳೆಂಬ ಮಾತಿನ ಮೇಲೆಯೇ ಮುರಿದವೆಂದು ಮನ್ಮಥಪ್ಪ ಕೇಳಿದ್ದ. ಕೇಳಿ ಆ ದಿನ ಹೋಟೆಲಿಗೆ ಹೋಗಿರಲಿಲ್ಲ. ಮರುದಿನ ಹೋಗಿದ್ದ.

ನಾಲ್ಕನೆಯ ದಿನ ಬೆಳಿಗ್ಗೆ ಮಗ ಸಂಜೀವಕುಮಾರ ಅಪ್ಪನನ್ನು ತನ್ನ ಕಲ್ಲಿನ ಪಾಲಿಶ್ ಯಾರ್ಡಿಗೆ ಕರೆದೊಯ್ದ. ಗೇಟಿಗೆ ದೊಡ್ಡ ಫ್ಲೆಕ್ಸು ಕಟ್ಟಿಸಿದ್ದ. ನಡುವೆ ದೊರೆ, ಮೇಲೆ ತೆಲುಗಿನಲ್ಲಿ ಕಣ್ಣೀರಿನ ಶ್ರದ್ಧಾಂಜಲಿ, ಕೆಳಗೆ ಒಂದು ಮೂಲೆಯಲ್ಲಿ ಅತಿಥಿಗೃಹದ ಮುಂದೆ ಹೆಲ್ಮೆಟ್ಟು ಹಾಕಿಕೊಂಡು ನಿಂತ ಹರೆಯದ ಮನ್ಮಥಪ್ಪ. ಸಂಜೆ ಲೋಕಲ್ ಚಾನೆಲ್ಲಿನವರು ಬರುತ್ತಾರೆ, ನೀವು ಹಾರ ಹಾಕಿ ನಾಲ್ಕು ಮಾತು ಆಡಿದರೆ ಸಾಕು, ಯಾರ್ಡಿಗೂ ಒಳ್ಳೆಯ ಹೆಸರು ಎಂದ. ಮನ್ಮಥಪ್ಪ ಆ ಮೂಲೆಯನ್ನೇ ನೋಡುತ್ತಿದ್ದ. ಅಸಲು ಫೋಟೋದಲ್ಲಿ ಅವನ ಪಕ್ಕ ಸಾಯಪ್ಪನಿದ್ದ. ಫ್ಲೆಕ್ಸಿನವನು ಅವನನ್ನು ಕತ್ತರಿಸಿ ತೆಗೆದಿದ್ದ, ಆದರೆ ಮನ್ಮಥಪ್ಪನ ಭುಜದ ಮೇಲೆ ಸಾಯಪ್ಪ ಇಟ್ಟಿದ್ದ ಕೈ ಹಾಗೆಯೇ ಉಳಿದಿತ್ತು. ಮಗನ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ.

“ಇದನ್ನ ಬಿಚ್ಚಸು,” ಎಂದ ಮನ್ಮಥಪ್ಪ. ಯಾಕೆಂದು ಮಗ ಕೇಳಿದ. ಮನ್ಮಥಪ್ಪ ಸೀದಾ ಬಸ್‌ಸ್ಟ್ಯಾಂಡಿಗೆ ನಡೆದ. ಮೊದಲು ಹೇಳಬೇಕಾದವರು ಬೇರೆ ಇದ್ದರು.

ತಾಂಡೂರಿನಿಂದ ಜಹೀರಾಬಾದಿಗೆ ಒಂದು ಬಸ್ಸು, ಅಲ್ಲಿಂದ ನಾರಾಯಣಖೇಡಕ್ಕೆ ಇನ್ನೊಂದು, ಆಮೇಲೆ ನಾಗಲಗಿದ್ದಕ್ಕೆ ಆಟೋ. ದಾರಿಯುದ್ದಕ್ಕೂ ಜನರ ಮೊಬೈಲಿನಲ್ಲಿ ಅದೇ ದೊರೆಯ ಸುದ್ದಿ. ಅವನಿದ್ದಾಗ ಅಂಜಿಕೆಯಿತ್ತು, ಈಗ ಸತ್ತ, ಇನ್ನು ಹೇಳಬಹುದು ಎಂದು ಮನ್ಮಥಪ್ಪ ಜಹೀರಾಬಾದಿನವರೆಗೂ ತನ್ನನ್ನು ತಾನು ನಂಬಿಸುತ್ತ ಬಂದ. ನಾರಾಯಣಖೇಡದಲ್ಲಿ ಇಳಿಯುವಾಗ ಆ ಮಾತೂ ಉಳಿಯಲಿಲ್ಲ. ಆ ದೊರೆಗೆ ನಾಗಲಗಿದ್ದ ಎಂಬ ಊರು ಇರುವುದೇ ಗೊತ್ತಿರಲಿಲ್ಲ. ಅಲ್ಲಿ ಸುಳ್ಳು ಹೇಳಿಸಿದ್ದು ಜೀವದ ಭಯ. ಇಲ್ಲಿ ಇಷ್ಟು ವರ್ಷ ಅದನ್ನು ಸಾಕಿದ್ದು ಮದುವೆ ಮನೆಗಳಲ್ಲಿ ಸಿಗುತ್ತಿದ್ದ ಮುಂದಿನ ಸಾಲಿನ ಕುರ್ಚಿ.

ಮಾಣಿಕಮ್ಮ ಅಂಗಳದಲ್ಲಿ ಕುಳಿತು ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಗುರುತು ಹಿಡಿದು, ಬರ್‍ರಿ ಅಣ್ಣಾ ಎಂದು ಚಾಪೆ ಹಾಸಿದಳು. ನೀರು ಕೊಟ್ಟಳು. ಮನ್ಮಥಪ್ಪ ನೀರು ಮುಟ್ಟದೆ, ಪೇಪರು ಹಾಸಿದ್ದರಿಂದ ಹಿಡಿದು ಜೀಪಿನವರೆಗೆ ಎಲ್ಲವನ್ನೂ ಹೇಳಿದ. ‘ಇವನೇ’ ಎಂದದ್ದು ತಾನು ಎಂಬುದನ್ನೂ ಹೇಳಿದ. ಜೈಲಿನಿಂದ ಬಂದವರಲ್ಲಿ ಅವನ ಮುಖ ಕಾಣಲಿಲ್ಲ ಎಂದೂ ಹೇಳಿದ. ಅವಳ ಕೈಯೊಳಗಿನ ಮೊರ ಯಾವಾಗ ನಿಂತಿತೋ ಅವನಿಗೆ ತಿಳಿಯಲಿಲ್ಲ.

“ಹೋಗುವಾಗ ಏನರೆ ಅಂದನೇನ್ರಿ?” ಎಂದು ಅವಳು ಕೇಳಿದಳು.

“ಊಟದ ಡಬ್ಬಿ ಅಲ್ಲೇ ಅದ, ನೀವು ಉಣ್ರಿ ಅಣ್ಣಾ, ಅಂದ.”

ಮಾಣಿಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳುತ್ತಾಳೆಂದು ಮನ್ಮಥಪ್ಪ ತಲೆ ತಗ್ಗಿಸಿದ. ಅಳಲಿಲ್ಲ. ಸಣ್ಣ ದನಿಯಲ್ಲಿ, ತನ್ನಷ್ಟಕ್ಕೆ ಎಂಬಂತೆ ಮಾತಾಡಿದಳು. ಪ್ರತಿ ವರ್ಷ ಹಿರಿಯರ ಅಮಾವಾಸ್ಯೆಗೆ ತೀರಿಹೋದ ಅತ್ತೆ ಮಾವನಿಗೆ ಎಡೆ ಇಡುತ್ತಾಳಂತೆ. ಸಾಯಪ್ಪನಿಗೆ ಒಂದು ವರ್ಷವೂ ಇಟ್ಟಿಲ್ಲ. ಎಲ್ಲೋ ಇನ್ನೊಬ್ಬಳ ಕೈಯ ಅನ್ನ ಉಣ್ಣುತ್ತಿರುವವನಿಗೆ ನನ್ನ ಎಡೆ ಯಾಕೆ ಎಂದು ಬಿಟ್ಟಿದ್ದಳಂತೆ. ಬದುಕಿರಲಿ ಎಂದು ಹರಕೆಯನ್ನೂ ಹೊತ್ತಿಲ್ಲ. ಕಾಲುಂಗುರವನ್ನು ತಾನೇ ತೆಗೆದೆಸೆದಳು. ಮಗಳಿಗೆ ಬುದ್ಧಿ ಬಂದ ಮೇಲೆ, ನಿಮ್ಮಪ್ಪ ಎಲ್ಲಿ ಎಂದು ಯಾರಾದರೂ ಕೇಳಿದರೆ ಸತ್ತ ಅನ್ನು ಎಂದು ಕಲಿಸಿದ್ದಳು.

ಮನ್ಮಥಪ್ಪ ಕೈ ಮುಗಿದ. ಏನು ಶಿಕ್ಷೆ ಕೊಟ್ಟರೂ ಸರಿ ಎನ್ನಲು ಹೋದ. ಅವಳು ತಡೆದಳು.

“ನೀವು ನನ್ನ ಗಂಡನ್ನ ಅವರ ಕೈಯಾಗ ಕೊಟ್ರಿ. ಜೀವದ ಅಂಜಿಕಿ, ಕೊಟ್ರಿ. ಅದು ನನಗ ತಿಳೀತದ್ರಿ ಅಣ್ಣಾ,” ಎಂದಳು. “ಆದ್ರ ನನ್ನ ಕೈಯಾಗಿಂದ ಅವನ್ನ ಯಾಕ ಕಸಗೊಂಡ್ರಿ?”

ದೊರೆಯ ಮೇಲೆ ಹಾಕಲು ಬರುವ ಮಾತಲ್ಲ ಅದು, ಕಂಪನಿಯ ಮೇಲೆ ಹಾಕಲೂ ಬರುವುದಿಲ್ಲ. ಹೆಂಗಸು ಬೈಯಲಿ, ಊರು ಕೂಡಿಸಲಿ ಎಂದು ಕಾದ. ಅವಳು ಬೈಯಲಿಲ್ಲ. ಎದ್ದು ಒಳಗೆ ಹೋಗಿ ಮೊಬೈಲು ತಂದಳು. ಜಹೀರಾಬಾದಿನಲ್ಲಿ ಅಂಗನವಾಡಿ ಟೀಚರಾಗಿರುವ ಮಗಳಿಗೆ ಫೋನು ಹಚ್ಚಿ, ಅದನ್ನು ಅವನ ಮುಂದೆ ಹಿಡಿದಳು.

“ನೀವೇ ಹೇಳ್ರಿ. ನಾ ಹೇಳಿದ್ರ ನಂಬಾಂಗಿಲ್ಲ ಆಕಿ. ಇಷ್ಟು ವರ್ಷ ನಾನೇ ಬ್ಯಾರೆ ಹೇಳೀನಲ್ಲ.”

ಬೆಳಗಿನಿಂದ ಮೂರು ವಾಹನ ಬದಲಿಸಿ ಬರುವಾಗ ಮನ್ಮಥಪ್ಪ ಒಂದೇ ಸಲ ಹೇಳುವುದಕ್ಕೆ ಗಟ್ಟಿಯಾಗಿದ್ದ. ಇನ್ನೊಂದು ಸಲ ಹೇಳಬೇಕಾಗುತ್ತದೆ ಎಂದು ಎಣಿಸಿರಲಿಲ್ಲ. ಆ ಕಡೆಯಿಂದ ಮಕ್ಕಳ ಗದ್ದಲ ಕೇಳಿತು, ಅದರ ನಡುವೆ, ಏನವ್ವಾ ಇಷ್ಟೊತ್ತಿನ್ಯಾಗ ಎಂಬ ದನಿ. ಮನ್ಮಥಪ್ಪ ಫೋನು ಇಸಿದುಕೊಂಡ. ಮಾಣಿಕಮ್ಮ ಅವನ ಮುಖದ ಮೇಲಿಂದ ಕಣ್ಣು ತೆಗೆಯಲಿಲ್ಲ.

“ಮಾಧುರಿ, ನಾ ತಾಂಡೂರ ಮನ್ಮಥಪ್ಪ,” ಎಂದ. “ನಿಮ್ಮಪ್ಪ ಓಡಿ ಹೋಗಿದ್ದಿಲ್ಲವ್ವ. ಸುಳ್ಳ ಹೇಳಿದಾಂವ ನಾನು.”

ಮಕ್ಕಳ ಗದ್ದಲ ದೂರವಾಯಿತು. ಅವಳು ಹೊರಗೆ ಬಂದಿರಬೇಕು. ಫೋನು ಕಟ್ಟಾಯಿತೇ ಎಂದು ಅವನು ನೋಡಿಕೊಂಡ. ಆಗಿರಲಿಲ್ಲ.

“ನಮ್ಮಪ್ಪ ಸತ್ತಾನ್ರಿ. ಯಾರ ಅಪ್ಪನ ಸುದ್ದಿ ಹೇಳಾಕತ್ತೀರಿ?” ಎಂದಳು ಮಾಧುರಿ.

ಮನ್ಮಥಪ್ಪ ಮತ್ತೆ ಮೊದಲಿನಿಂದ ಹೇಳತೊಡಗಿದ.