ಅಟ್ಟ ದೊಡ್ಡದು ಮಾಡುತ್ತಿದ್ದ ಮೇಷ್ಟ್ರು

ನಮ್ಮ ಲ್ಯಾಬ್ ಮೇಷ್ಟ್ರ ಬಲಗೈ ತೋರುಬೆರಳಿಗೆ ಉಗುರಿರಲಿಲ್ಲ. ಕೊಬ್ಬರಿ ಒಡೆಯುವಾಗ ಮಚ್ಚಿಗೆ ಕೊಟ್ಟಿದ್ದರು. ಆ ಬೆರಳನ್ನು ಮೇಲೆತ್ತಿ ಹಿಡಿದು, ನಡುಬೆರಳೊಂದರಿಂದಲೇ ಕೀಲಿಮಣೆ ಕುಟ್ಟುತ್ತಿದ್ದರು. ತಿಪಟೂರಿನಲ್ಲಿ ನಾನು ಡಿಪ್ಲೊಮಾ ಓದುತ್ತಿದ್ದಾಗ ಕಂಪ್ಯೂಟರ್ ಕಲಿಸಲು ಸಿಕ್ಕಿದ್ದು ಇಂಥ ಮಹಾನುಭಾವರು.

ಪಾಠವೆಲ್ಲ ತೆಂಗಿನಕಾಯಿಯಲ್ಲೇ. ಮೆಮೊರಿ ಎಂದರೆ ಕಾಯಿ ಸುಲಿಯುವ ಅಂಗಳ, ಡಿಸ್ಕ್ ಎಂದರೆ ಅಟ್ಟ. ಅಂಗಳ ತುಂಬಿದರೆ ಸದ್ಯಕ್ಕೆ ಬೇಡದ್ದನ್ನು ಅಟ್ಟಕ್ಕೇರಿಸು, ಬೇಕಾದಾಗ ಇಳಿಸು, ಅದೇ ಸ್ವಾಪಿಂಗ್. ಇಲ್ಲಿಯವರೆಗೆ ಸರಿ. ಆದರೆ ಎಲ್ಲವೂ ಒಟ್ಟಿಗೇ ಬೇಕಾದಾಗ? ಒಂದನ್ನು ಇಳಿಸಲು ಇನ್ನೊಂದನ್ನು ಏರಿಸಬೇಕು, ಏರಿಸಿದ್ದೇ ಮರುಕ್ಷಣ ಬೇಕಾಗುತ್ತದೆ. ದಿನವಿಡೀ ಏಣಿ ಹತ್ತಿ ಇಳಿದದ್ದೇ ಬಂತು, ಒಂದು ಕಾಯಿಯೂ ಸುಲಿದಿರುವುದಿಲ್ಲ. ಪುಸ್ತಕದಲ್ಲಿ ಇದಕ್ಕೆಂದೇ ಒಂದು ಅಧ್ಯಾಯವಿತ್ತು. ಮೇಷ್ಟ್ರು ಅದನ್ನು ತೆರೆದೂ ನೋಡಿರಲಿಲ್ಲ. ಕಾಯಿ ಹನ್ನೊಂದು ತಿಂಗಳು ಅಟ್ಟದಲ್ಲಿ ಕೂತು ತಾನಾಗಿ ಕೊಬ್ಬರಿಯಾಗುವುದನ್ನು ನೋಡಿ ಬೆಳೆದ ತಲೆ. ಜಾಗ ಸಾಲದಿದ್ದರೆ ಅಟ್ಟ ದೊಡ್ಡದು ಮಾಡುವುದೊಂದೇ ಅವರಿಗೆ ಗೊತ್ತಿದ್ದ ಮದ್ದು.

ಕಡೆಯ ವರ್ಷದ ಪ್ರಾಕ್ಟಿಕಲ್ ಪರೀಕ್ಷೆ ಬಂತು. ಒಂದು ಸಲ ಫೇಲಾದರೂ ಓದು ಬಿಡಿಸಿ ಮದುವೆ ಮಾಡುತ್ತೇನೆಂದು ಅಪ್ಪ ಹೇಳಿಬಿಟ್ಟಿದ್ದ. ಮೂವತ್ತು ಜನರ ಪ್ರೋಗ್ರಾಮುಗಳೂ ಓಡಬೇಕಾಗಿದ್ದದ್ದು ಒಂದೇ ಹಳೆಯ ಸರ್ವರಿನಲ್ಲಿ. ಅರ್ಧ ಗಂಟೆಯೊಳಗೆ ಪರದೆಗಳೆಲ್ಲ ಸ್ತಬ್ಧ. ಡಿಸ್ಕಿನ ದೀಪ ಮಾತ್ರ ಬಿಡದೆ ಮಿನುಗುತ್ತಿತ್ತು.

"ಸಾರ್, ಅರ್ಧ ಜನರದ್ದು ನಿಲ್ಸಿ. ಉಳಿದೋರ್ದು ಮುಗೀಲಿ, ಆಮೇಲೆ ನಮ್ದು ಓಡ್ಸಿ" ಎಂದೆ.

"ಓಡ್ತಿರೋದನ್ನ ನಿಲ್ಲಿಸ್ಬಾರ್ದು ಕಣಮ್ಮ, ಪಾಪ. ಅಟ್ಟ ದೊಡ್ಡದು ಮಾಡಾನ, ಬುಡು."

ಡಿಸ್ಕಿನಲ್ಲಿ ಸ್ವಾಪ್ ಜಾಗ ಹೆಚ್ಚಿಸಿ, ಏನೋ ಸಾಧಿಸಿದವರಂತೆ ಕೈ ಒರೆಸಿಕೊಂಡರು. ಜಾಗವಿಲ್ಲದೆ ಹೊರಗುಳಿದಿದ್ದ ಪ್ರೋಗ್ರಾಮುಗಳೂ ಒಳನುಗ್ಗಿದವು. ಆಮೇಲೆ ಸರ್ವರು ಏಣಿಯಿಂದ ಇಳಿಯಲೇ ಇಲ್ಲ. ಪರದೆ ಸ್ತಬ್ಧವಾಗುವ ಮೊದಲೇ ಮುಗಿಸಿದ್ದ ಕೆಲವರು ಪಾರಾದರು. ನನ್ನ ಪರದೆ ಖಾಲಿ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಸೊನ್ನೆ ಹಾಕಿ ಹೋದರು. ಇಂಥ ದಡ್ಡನಿಗೆ ಲ್ಯಾಬಿನ ಬೀಗದಕೈ ಕೊಟ್ಟವರು ಯಾರೆಂದು ನಾನು ಬಸ್ಸಿನುದ್ದಕ್ಕೂ ಶಪಿಸಿದೆ.

ಮಾರನೆಯ ಬೆಳಿಗ್ಗೆ ಆ ದಡ್ಡ ಹಂದನಕೆರೆಯ ನಮ್ಮ ಮನೆಯ ಜಗುಲಿಯ ಮೇಲಿದ್ದರು. ಅಪ್ಪನ ಪಕ್ಕ ಗಂಡಿನ ಕಡೆಯ ಮಾತು ತಂದಿದ್ದ ಸೋದರಮಾವ.

"ನಿಮ್ ಮಗಳು ಫೇಲಾಗಿಲ್ಲ ಕಣ್ರೀ, ಫೇಲಾಗಿದ್ದು ನಾನು" ಎಂದರು ಮೇಷ್ಟ್ರು. "ಅವಳು ಹೇಳಿದ್ದೇ ಸರಿ ಇತ್ತು. ನಂಗೆ ಗೊತ್ತಾಗ್ಲಿಲ್ಲ. ಹಂಗಂತ ಪ್ರಿನ್ಸಿಪಾಲರಿಗೆ ಬರ್ದು ಕೊಟ್ಟಿದೀನಿ, ನೋಡಿ."

ಪತ್ರದ ಪ್ರತಿಯನ್ನು ಅಪ್ಪ ಎರಡು ಸಲ ಓದಿದ. ಮದುವೆಯ ಮಾತು ಅಲ್ಲಿಗೇ ನಿಂತಿತು. ನನಗೆ ಮರುಪರೀಕ್ಷೆ ಸಿಕ್ಕಿತು, ಪಾಸಾದೆ. ಆ ಪತ್ರದ ಕಾರಣಕ್ಕೇ ಮೇಷ್ಟ್ರನ್ನು ಲ್ಯಾಬಿನಿಂದ ತೆಗೆದು ಸ್ಟೋರಿಗೆ ಹಾಕಿದರು. ನಿವೃತ್ತಿಯವರೆಗೂ ಅಲ್ಲಿ ಸೀಮೆಸುಣ್ಣ, ಪೊರಕೆ ಹಂಚುತ್ತ ಕೂತಿದ್ದರು.

ಹೋದ ವರ್ಷ ತೀರಿಕೊಂಡರು. ಈಗ ಅದೇ ಪಾಠವನ್ನು ತುರುವೇಕೆರೆಯ ಕಾಲೇಜೊಂದರಲ್ಲಿ ನಾನು ಮಾಡುತ್ತೇನೆ. ಅವರ ವಿದ್ಯೆಯ ಬಗ್ಗೆ ನನಗೆ ಇವತ್ತಿಗೂ ಕಿಂಚಿತ್ತೂ ಗೌರವವಿಲ್ಲ. ಅವರು ಸರ್ವರು ಕೆಡಿಸಿದ ಕಥೆಯನ್ನು ಪ್ರತಿ ವರ್ಷ ಹೇಳುತ್ತೇನೆ, ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಪತ್ರದ ವಿಷಯಕ್ಕೆ ಬರುವಷ್ಟರಲ್ಲಿ ಬೋರ್ಡಿನ ಕಡೆ ತಿರುಗಿಬಿಡುತ್ತೇನೆ. ಒಂದು ವರ್ಷವೂ ಅದನ್ನು ಹೇಳಿ ಮುಗಿಸಲು ನನ್ನಿಂದಾಗಿಲ್ಲ.