ತೆಂಕಲಿಗೆ ಹೋದ ಹಕ್ಕಿ

ಕಡಲಹಕ್ಕಿ ಎಣಿಸಲು ಹೋದದ್ದಕ್ಕೆ ನನಗೆ ತಗುಲಿದ್ದು ಮದುವೆ ಹಂಗಾಮಿನ ಎರಡು ದಿನದ ವ್ಯಾಪಾರ, ಮೇಲೆ ಹಡಗಿನ ಡೀಸೆಲ್ಲಿನಲ್ಲಿ ಒಂದು ಪಾಲು. ಕೊಟ್ಟೂರಿನಲ್ಲಿ ಪಾತ್ರೆ ಅಂಗಡಿ ಇಟ್ಟವಳು ಆ ಕಾಲದಲ್ಲಿ ಬಾಗಿಲು ಹಾಕುವುದೆಂದರೆ ಹುಡುಗಾಟವಲ್ಲ. ಆದರೂ ಕೊಟ್ಟೆ. ಹಗರಿಬೊಮ್ಮನಹಳ್ಳಿ ಕಡೆಯ ಕೆರೆಗಳಲ್ಲಿ ವರ್ಷಗಟ್ಟಲೆ ಹಕ್ಕಿ ಎಣಿಸಿದವಳಿಗೆ ನಡುಗಡಲಿನ ಹಕ್ಕಿಯನ್ನೊಮ್ಮೆ ನೋಡಬೇಕಿತ್ತು. ನಾನು ಕಂಡದ್ದು ಗಣತಿಯಲ್ಲಿ ಒಂದು ಸಾಲಾಗಿ ಉಳಿಯಬೇಕಿತ್ತು.

ಗಣತಿಯವರೆಲ್ಲ ಮಲ್ಪೆಯಿಂದ ನೇರ ಪಶ್ಚಿಮಕ್ಕೆ ಹೊರಟೆವು. ದಂಡೆ ಮರೆಯಾಗಿ ಬಹಳ ಹೊತ್ತಾದ ಮೇಲೆ ಕಂಡಿತು: ಗುಬ್ಬಿಗಿಂತ ತುಸು ದೊಡ್ಡ ಕಪ್ಪು ಹಕ್ಕಿ, ಬಾಲದ ಬುಡಕ್ಕೆ ಬಿಳಿ ಪಟ್ಟಿ, ತೆರೆಯ ಮೇಲೆ ಕಾಲೂರಿ ನಡೆದಂತೆ ಹೋಗುತ್ತಿತ್ತು.

"ತೆಂಕ್ಲಾಕ ನೋಡ್ರಿ, ತೆಂಕ್ಲಾಕ," ಎಂದು ಕೂಗಿದೆ.

ದಕ್ಷಿಣ ನಮಗೆ ತೆಂಕಲು. ನಮ್ಮ ಕಡೆ ಎಡ ಬಲ ಯಾರು ಅನ್ನುತ್ತಾರೆ? ಉಣ್ಣಲು ಕೂತವನಿಗೂ "ಒಂಚೂರು ಮೂಡ್ಲಾಕ ಸರಿ" ಅನ್ನುವ ಜನ. ಕೈಯನ್ನೂ ಚಾಚಿದೆ, ಆದರೆ ದುರ್ಬೀನಿಗೆ ಕಣ್ಣು ಅಂಟಿಸಿ ನಿಂತವರಿಗೆ ನನ್ನ ಕೈ ಎಲ್ಲಿ ಕಾಣಬೇಕು? ಒಬ್ಬ ಬಲಕ್ಕೆ ನೋಡಿದ, ಒಬ್ಬಳು ಆಕಾಶಕ್ಕೆ. ಹಡಗು ನಡೆಸುತ್ತಿದ್ದ ಮಲ್ಪೆಯ ತಾಂಡೇಲ ಮಾತ್ರ ಸರಿಯಾಗಿ ತಿರುಗಿದ. ಅಷ್ಟರಲ್ಲಿ ಹಕ್ಕಿ ತೆರೆಯ ಹಿಂದೆ ಹೋಯಿತು.

ಗಣತಿಯ ಮುಖಂಡ ಬೆಂಗಳೂರಿನವನು. "ನೀವು ಒಂಬತ್ತು ಗಂಟೆ ಅನ್ನಬೇಕಿತ್ತು ಮೇಡಂ. ಹಡಗಿನ ಮೂತಿ ಹನ್ನೆರಡು, ಎಡಗಡೆ ಒಂಬತ್ತು," ಎಂದ.

"ಒಂಬತ್ತು ಯಾವಾಗೋ ಹೊಡದೈತ್ರಿ, ಬಿಸಿಲು ನೆತ್ತಿಗೆ ಬಂದೈತಿ. ರೊಕ್ಕ ಇಸ್ಕೊಳ್ಳಾಗ ಇದನ್ನ ಹೇಳಿದ್ರ ಬಾಯಿ ಸವೀತಿತ್ತೇನು?"

"ಇಬ್ಬರು ನೋಡದ ಹಕ್ಕಿಯನ್ನ ಬರೆಯೋ ಹಾಗಿಲ್ಲ."

"ನಾನು ಕಂಡಿದ್ದೇನೆ ಮಾರಾಯ್ರೆ," ಎಂದ ತಾಂಡೇಲ.

"ನೀನು ಗಣತಿಯವನಲ್ಲ."

"ಹಡಗು ಬಾಡಿಗಿ ಹಿಡಿದ್ರಿ, ಅಂವನ ಕಣ್ಣು ಬಿಟ್ಟು ಹಿಡಿದ್ರೇನು?" ಎಂದೆ. ಆಮೇಲೆ ಚೌಕಾಸಿಗೂ ಇಳಿದೆ. "ಹೆಸರು ಬ್ಯಾಡ. ಗುರುತು ಸಿಗದ ಹಕ್ಕಿ ಅಂತಾದ್ರೂ ಬರೀರಿ."

ಅದಕ್ಕೂ ಒಪ್ಪಲಿಲ್ಲ.

ಈಗಲೂ ಮೈ ಉರಿಯುತ್ತದೆ. ಹಡಗು ತಿರುಗಿದರೆ ಅವರ ಒಂಬತ್ತು ಇನ್ನೆಲ್ಲೋ ಹೋಗುತ್ತದೆ. ನನ್ನ ತೆಂಕಲು ತೆಂಕಲೇ. ಅವರ ಲೆಕ್ಕದಲ್ಲಿ ಮಾತ್ರ ಅಂದು ಆ ನೀರಿನ ಮೇಲೆ ಏನೂ ಇರಲಿಲ್ಲ.

ನೀವು ಹೋಗುವುದಾದರೆ ಕೇಳಿ. ಡೀಸೆಲ್ಲಿನ ಪಾಲು ಮೊದಲು ಅರ್ಧ ಕೊಡಿ, ಉಳಿದದ್ದು ದಂಡೆಗೆ ಬಂದ ಮೇಲೆ. ದಿಕ್ಕನ್ನು ಹೇಗೆ ಕೂಗಬೇಕು, ಯಾರ ಕಣ್ಣು ಲೆಕ್ಕಕ್ಕೆ ಎಂಬುದನ್ನು ಹಡಗು ಹತ್ತುವ ಮೊದಲೇ ಎಲ್ಲರೆದುರು ಬಾಯಿಬಿಟ್ಟು ಹೇಳಿಸಿ. ಮಂಡಕ್ಕಿ ಒಯ್ಯಿರಿ, ಮಿರ್ಚಿ ಬೇಡ. ಅಲೆಗೆ ಹೊಟ್ಟೆ ತಡೆಯದು. ಹಕ್ಕಿ ಕಂಡ ಕೂಡಲೇ ಪಕ್ಕದವರ ಹೆಗಲು ಹಿಡಿದು ಅತ್ತ ತಿರುಗಿಸಿ. ಕ್ಷಮೆ ಆಮೇಲೆ ಕೇಳಿದರಾಯಿತು.