ಗಡಿಯಾರದೊಳಗಿನ ಕ್ಯಾಮೆರಾ

ಅಂಗಡಿಗಳಿಗೆ ಕ್ಯಾಮೆರಾ ಕೂರಿಸುವುದು ಆಗ ನನ್ನ ಕೆಲಸ. ಅಂಕೋಲೆಯ ಬಟ್ಟೆ ಅಂಗಡಿಯೊಂದರ ಮಾಲೀಕರು, ಕೆಲಸದ ಹೆಂಗಸರು ಉಂಡು ಅಡ್ಡಾಗುವ ಕೋಣೆಯಲ್ಲೂ ಒಂದನ್ನು ಹಾಕಿಸಿದರು. ಅದೂ ಗೋಡೆಗಡಿಯಾರದೊಳಗೆ, ಯಾರಿಗೂ ಹೇಳದೆ.

“ಕ್ಯಾಮೆರಾ ಇದೆ ಅಂತ ಒಂದು ಬೋರ್ಡು ಹಾಕಿ” ಎಂದೆ.

“ಬೋರ್ಡು ಹಾಕಿದ್ರೆ ಕಳ್ಳರು ಸಿಕ್ತಾರೋ ಮಾರಾಯ?”

ಹಾಕಲೇಬೇಕು ಎನ್ನಲು ನನ್ನ ಕೈಯಲ್ಲಿ ಯಾವ ಕಾನೂನೂ ಇರಲಿಲ್ಲ. ಸುಮ್ಮನೆ ಸ್ಕ್ರೂ ತಿರುಗಿಸಿದೆ.

ತಿಂಗಳಾದ ಮೇಲೆ ಅವರೇ ನನ್ನನ್ನು ಕಾರವಾರದಿಂದ ಕರೆಸಿದರು. ಪರದೆಯ ಮೇಲೆ ನಡುವಯಸ್ಸಿನ ಹೆಂಗಸೊಬ್ಬಳು ಆ ಕೋಣೆಯಲ್ಲಿ ಒಬ್ಬಳೇ ಕೂತು ನೆಟ್ಟಗೆ ನಮ್ಮನ್ನೇ ನೋಡುತ್ತಿದ್ದಳು. ಒಂಚೂರೂ ಕದಲುತ್ತಿರಲಿಲ್ಲ.

“ದಿನಾ ಹೀಂಗೇ, ಊಟದ ಹೊತ್ತು ಪೂರ್ತಿ. ನೀನೇ ಹೇಳಿದ್ಯೋ ಅವಳಿಗೆ?” ಮಾಲೀಕರು ಪರದೆಯಿಂದ ಮುಖ ತಿರುಗಿಸಿಕೊಂಡು ಕೇಳಿದರು.

ನಾನು ಹೇಳಿರಲಿಲ್ಲ. ಕೋಣೆಗೆ ಹೋದೆ. ಆಕೆ ನನ್ನತ್ತ ತಿರುಗಲೂ ಇಲ್ಲ.

“ಎಂತ ನೋಡ್ತಿದ್ದೀರಿ ಅಕ್ಕಾ?”

“ಗೊತ್ತಿಲ್ಲ ತಮ್ಮಾ. ಈ ಗಡಿಯಾರ ಬಂದಾಗಿಂದ ಯಾರೋ ನೋಡ್ದಂಗೆ ಆಗ್ತದೆ. ಬೆನ್ನು ಹಾಕಿ ಕೂತ್ರೆ ಹೆದರಿಕೆ. ಅದಕ್ಕೇ ನಾನೂ ಅದನ್ನೇ ನೋಡ್ತಾ ಕೂರ್ತೆ. ಮನೇಲಿ ಎಂತದೋ ಮೆಟ್ಟಿಕೊಂಡದೆ ಅಂತ ತಾಯಿತ ಕಟ್ಟಿಸಿದ್ರು.”

ಒಳಗೆ ಕ್ಯಾಮೆರಾ ಇದೆ, ಕೂರಿಸಿದವನು ನಾನೇ ಎಂದುಬಿಟ್ಟೆ. ಆಕೆ ಬಯ್ಯಲಿಲ್ಲ.

“ಹಂಗಾದ್ರೆ ನಂಗೆ ಹುಚ್ಚಲ್ಲ” ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಆಗಲೇ ಕ್ಯಾಮೆರಾ ಬಿಚ್ಚಿದೆ. ಮಾಲೀಕರು ತಡೆಯಲಿಲ್ಲ. ಆಮೇಲೂ ಅವರು ಊಟದ ಹೊತ್ತಿಗೆ ಸರಿಯಾಗಿ ಆ ಖಾಲಿ ಪರದೆಗೆ ಟವೆಲ್ ಹೊದಿಸಿಡುತ್ತಿದ್ದರಂತೆ.